ಸ್ಪೋಕ್ ವೀಲಿನ ಬೈಕಿಗೆ ಟಯರ್ ತೂಕ ನೋಡುದು ಹೇಗೆ, ಟ್ಯೂಬ್‌ಲೆಸ್ ಮಾಡುದು ಹೇಗೆ: ನಮ್ಮ ಕರಾವಳಿಯ ಡರ್ಟ್ ರೈಡರ್‌ಗಳಿಗೆ

ಟಯರ್ ಬದಲಿಸ್ಲಿಕ್ಕೆ ಹೊರಟವರು ಮೊದಲು ಕೇಳುದು "ಯಾವ ಟಯರ್ ಲೈಟ್ ಉಂಟು" ಅಂತ, ಅದು ಮುಗಿದ ಕೂಡ್ಲೆ "ಇದಕ್ಕೆ ಟ್ಯೂಬ್‌ಲೆಸ್ ಆಗ್ತದಾ" ಅಂತ. ಎರಡನ್ನೂ ಬೇರೆ ಬೇರೆ ಪ್ರಶ್ನೆ ಅಂತ ತಿಳ್ಕೊಳ್ತಾರೆ, ಲೆಕ್ಕ ತಪ್ಪುದು ಅಲ್ಲೇ. ತಿರುಗುದು ಟಯರ್ ಒಂದೇ ಅಲ್ಲವಲ್ಲ, ಅದರ ಒಳಗಿನ ಟ್ಯೂಬ್, ರಿಮ್ಮಿನ ರಬ್ಬರ್ ಪಟ್ಟಿ, ರಿಮ್ ಲಾಕ್ (ಟಯರ್ ರಿಮ್ಮಲ್ಲಿ ಜಾರದ ಹಾಗೆ ಒತ್ತಿ ಹಿಡಿಯುವ ಕ್ಲಾಂಪ್) ಇದ್ರೆ ಅದು, ಎಲ್ಲ ಸೇರಿ ತಿರುಗುದು. 400 ಗ್ರಾಂ ಕಮ್ಮಿ ಇರುವ ಟಯರ್ ತಂದು, ಅದರ ಸೈಡ್ ತೆಳು ಅಂತ ಒಂದೂವರೆ ಕಿಲೋದ ದಪ್ಪ ಟ್ಯೂಬ್ ಒಳಗೆ ಹಾಕಿದ್ರೆ ಉಳಿಸಿದ್ದು ಎಂತ? ಹಾಗಾಗಿ ನೋಡುದಾದ್ರೆ ಇಡೀ ಸೆಟ್ ನೋಡಿ, ಮತ್ತೆ ಆ ಸೆಟ್ಟನ್ನು ನಿಮ್ಮ ದಾರಿಗೆ ಹೊಂದಿಸಿ ನೋಡಿ.

ನಮ್ಮ ದಾರಿ ಅಂದ್ರೆ ಹೇಗೆ ಅಂತ ನಿಮಗೆ ಗೊತ್ತುಂಟು. ಮಂಗಳೂರಿಂದ ಬೆಳ್ತಂಗಡಿ ಕಡೆಗೆ ಅಥವಾ ಉಡುಪಿಯಿಂದ ಹೆಬ್ರಿ ಕಡೆಗೆ ಹೊರಟ್ರೆ ಮೊದಲು ಡಾಮರು, ಲಾರಿ, ಮಳೆ, ಹೊಂಡ, ಆಮೇಲೆ ಗುಡ್ಡೆಯ ಮುರಕಲ್ಲು, ಕೆಸರು, ತೋಡು, ತೋಟದ ದಾರಿ, ಸಂಜೆ ಅದೇ ಬೈಕಲ್ಲಿ ಅದೇ ಟಯರಲ್ಲಿ ವಾಪಸ್ ಮನೆಗೆ. ಪಿಕಪ್ಪಲ್ಲಿ ಬೈಕ್ ಹಾಕಿಕೊಂಡು ಟ್ರ್ಯಾಕಿಗೆ ಹೋಗುವವರು ನಮ್ಮಲ್ಲಿ ತುಂಬಾ ಕಮ್ಮಿ. ಹೊರದೇಶದವರ ವಿಡಿಯೋ ನೋಡಿ ಅವರು ಹಾಕಿದ್ದನ್ನೇ ಹಾಕ್ಲಿಕ್ಕೆ ಹೋಗುವ ಮೊದಲು ಈ ವ್ಯತ್ಯಾಸ ಮಂಡೆಯಲ್ಲಿ ಇರ್ಬೇಕು, ಮುಂದೆ ಹೇಳುದೆಲ್ಲ ಇದರ ಮೇಲೆಯೇ ನಿಂತದ್ದು.

ಮೊದಲ ಕೆಲಸ: ಟಯರ್ ಮತ್ತೆ ರಿಮ್ಮಲ್ಲಿ ಬರೆದದ್ದನ್ನು ಓದಿ

ಎಕ್ಸ್‌ಪಲ್ಸ್ 200 4ವಿಗೆ ಮುಂದೆ 90/90-21, ಹಿಂದೆ 120/80-18. ಹಳೇ ಹಿಮಾಲಯನ್ 411ಕ್ಕೆ ಮುಂದೆ ಅದೇ 90/90-21, ಹಿಂದೆ 120/90-17. ಹಿಮಾಲಯನ್ 450ಕ್ಕೆ ಹಿಂದೆ 140/80-17. ಪಕ್ಕಾ ಮೋಟೋಕ್ರಾಸ್ ಬೈಕಾದ್ರೆ ಮುಂದೆ 80/100-21, ಹಿಂದೆ 19 ಇಂಚು. ಮೊದಲ ನಂಬರ್ ಅಗಲ ಮಿಲಿಮೀಟರಲ್ಲಿ, ಎರಡನೇದು ಎತ್ತರ ಅಗಲದ ಶೇಕಡಾ ಎಷ್ಟು ಅಂತ, ಮೂರನೇದು ರಿಮ್ ಎಷ್ಟು ಇಂಚು ಅಂತ. ಹಾಗಾಗಿ 90/90 ಅಂದ್ರೆ 81 ಮಿಮೀ ಎತ್ತರ, 80/100 ಅಂದ್ರೆ 80 ಮಿಮೀ, ಹೆಚ್ಚುಕಮ್ಮಿ ಒಂದೇ. ಆದ್ರೆ ಮೋಟೋಕ್ರಾಸ್ ಟಯರ್ ಲೈಟ್ ಉಂಟಲ್ಲ ಅಂತ ತಂದು ರೋಡ್ ಬೈಕಿಗೆ ಹಾಕುದು ಬೇಡ, ಅದರಲ್ಲಿ ತುಂಬಾ ಮಾಡೆಲ್‌ಗಳು ರೋಡಿಗೆ ಅಂತ ಮಾಡಿದ್ದೇ ಅಲ್ಲ, ಡಾಮರಲ್ಲಿ ಬಿಸಿಯಾಗಿ ಗುಬ್ಬಿ (ನೆಲ ಕಚ್ಚುವ ರಬ್ಬರ್ ಗಂಟು) ಹರಿದು ಹೋಗ್ತದೆ, ಮಳೆಯಲ್ಲಿ ಬ್ರೇಕ್ ಹಿಡಿಯುದೂ ಇಲ್ಲ.

ಸೈಜಿನ ಪಕ್ಕ ಇನ್ನೊಂದು ನಂಬರ್ ಇರ್ತದೆ, ಅದು ಲೋಡ್ ಇಂಡೆಕ್ಸ್. 54 ಅಂದ್ರೆ ಆ ಟಯರ್ 212 ಕಿಲೋ ಹೊರ್ತದೆ, 62 ಅಂದ್ರೆ 265 ಕಿಲೋ. ಒಂದೇ ಸೈಜಿನ ಎರಡು ಟಯರಲ್ಲಿ ಒಂದು ಬಾರೀ ಲೈಟ್ ಅಂತ ಕಂಡ್ರೆ ಮೊದಲು ಈ ನಂಬರ್ ನೋಡಿ, ಕಾರಣ ಅಲ್ಲೇ ಸಿಗುದುಂಟು. ಆಮೇಲೆ "ಟಿಟಿ" ಅಂತ ಉಂಟಾ "ಟಿಎಲ್" ಅಂತ ಉಂಟಾ ನೋಡಿ. ಟಿಟಿ ಅಂದ್ರೆ ಟ್ಯೂಬ್ ಬೇಕು, ಟಿಎಲ್ ಅಂದ್ರೆ ಟ್ಯೂಬ್‌ಲೆಸ್. ಟಿಎಲ್ ಟಯರಿನ ಒಳಗೋಡೆಗೆ ಗಾಳಿ ಬಿಡದ ಬ್ಯುಟೈಲ್ ರಬ್ಬರಿನ ಒಂದು ಪದರ ಇರ್ತದೆ, ಅದರಿಂದ ತೂಕ ಸ್ವಲ್ಪ ಜಾಸ್ತಿ. ಟಿಟಿ ಟಯರನ್ನು ಟ್ಯೂಬ್‌ಲೆಸ್ ಮಾಡ್ಲಿಕ್ಕೆ ಹೋದ್ರೆ ರಿಮ್ ಎಷ್ಟು ಚೆನ್ನಾಗಿ ಸೀಲ್ ಮಾಡಿದ್ರೂ ಟಯರೊಳಗಿಂದಲೇ ಗಾಳಿ ನಿಧಾನ ಇಳೀತಾ ಇರ್ತದೆ. ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕೆ ತಯಾರಾದ ವಾರ ಮತ್ತೆ ವರ್ಷ, 1824 ಅಂದ್ರೆ 2024ರ 18ನೇ ವಾರ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಗುಬ್ಬಿ ಟಯರ್ ಗಟ್ಟಿಯಾಗಿರ್ತದೆ, ಕಡಿಮೆಗೆ ಕೊಡ್ತಾರೆ ಅಂತ ತಗೊಳ್ಬೇಡಿ.

ರಿಮ್ಮಲ್ಲಿ "ಎಂಟಿ" ಅಂತ ಉಂಟಾ "ಡಬ್ಲ್ಯುಎಂ" ಅಂತ ಉಂಟಾ ನೋಡುದು ಎಲ್ಲಕ್ಕಿಂತ ಮುಖ್ಯ, ಇದನ್ನು ಯಾರೂ ನೋಡುದಿಲ್ಲ. ಎಂಟಿ ರಿಮ್ಮಿನ ಒಳಗೆ ಎರಡೂ ಬದಿ ಬೀಡ್ (ರಿಮ್ಮಿಗೆ ಕಚ್ಚುವ ಟಯರಿನ ಗಟ್ಟಿ ಅಂಚು) ಕೂರುವ ಜಾಗದ ಪಕ್ಕ ಒಂದು ಸಣ್ಣ ದಿಣ್ಣೆ ಇರ್ತದೆ, ಗಾಳಿ ಕಮ್ಮಿ ಆದ್ರೂ ಬೀಡ್ ಅದನ್ನು ದಾಟಿ ನಡುವಿನ ಗುಂಡಿಗೆ ಜಾರುದಿಲ್ಲ. ಡಬ್ಲ್ಯುಎಂ ರಿಮ್ಮಲ್ಲಿ ಆ ದಿಣ್ಣೆ ಇಲ್ಲ, ಬೀಡನ್ನು ಹಿಡಿದು ಕೂರಿಸುದು ಒಳಗಿನ ಗಾಳಿ ಮಾತ್ರ. ಟಯರ್ ಬಿಚ್ಚಿದಾಗ ಬೆರಳು ಆಡಿಸಿ ನೋಡಿ, ದಿಣ್ಣೆ ಉಂಟಾ ಇಲ್ಲವಾ ಬೆರಳಿಗೇ ಗೊತ್ತಾಗ್ತದೆ.

ಎರಡನೇ ಕೆಲಸ: ತೂಗಿ

ಕಂಪನಿಯವರು ಎಲ್ಲ ಟಯರಿಗೂ ತೂಕ ಹಾಕುದಿಲ್ಲ, ಹಾಕಿದ್ರೂ ಕೈಗೆ ಬಂದ ಪೀಸ್ ಸ್ವಲ್ಪ ಆಚೆ ಈಚೆ ಇರ್ತದೆ. ನೇತು ಹಾಕಿ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಸಿಗ್ತದೆ, ಲಗೇಜ್ ತೂಗುದಕ್ಕೆ ಅಂತ ಮಾರುದು, 10 ಗ್ರಾಂ ತನಕ ತೋರಿಸುವಂಥದ್ದು ಸಾಕು. ಒಂದು ಹಗ್ಗ ಟಯರಿಗೆ ಸುತ್ತಿ ನೇತು ಹಾಕಿ, ಅಲುಗಾಟ ನಿಂತ ಮೇಲೆ ಓದಿ, ಹಗ್ಗದ ತೂಕ ಕಳೀರಿ. ಟ್ಯೂಬ್, ರಿಮ್ ಪಟ್ಟಿ, ರಿಮ್ ಲಾಕ್ ಇವನ್ನು ಅಡುಗೆಮನೆಯ ತೂಕದ ಮಿಷನ್ನಲ್ಲಿ ಇಡ್ಬಹುದು, ಟ್ಯೂಬನ್ನು ಮಾತ್ರ ಪೌಡರ್ ಒರೆಸಿ ಇಡಿ, ಮನೆಯಲ್ಲಿ ಬೈಗುಳ ಬೇಡ.

ಹೊಸ ಟಯರಿಗೆ ನಿಮ್ಮ ಸವೆದ ಟಯರನ್ನು ಹೋಲಿಸ್ಬೇಡಿ. ಗುಬ್ಬಿ ಅರ್ಧ ಸವೆದಾಗಲೇ ರಬ್ಬರ್ ಎಷ್ಟೋ ಹೋಗಿರ್ತದೆ, ಹೊಸದು ಸುಮ್ಮನೆ ಭಾರ ಅಂತ ಕಾಣ್ತದೆ. ಮತ್ತೆ ತೊಳೆದು ಒಣಗಿಸಿಯೇ ತೂಗ್ಬೇಕು. ಮಳೆಗಾಲದಲ್ಲಿ ನಮ್ಮ ಕೆಂಪು ಮಣ್ಣು ಗುಬ್ಬಿಗಳ ನಡುವೆ ಕಟ್ಟಿಕೊಂಡ್ರೆ ಆ ಮಣ್ಣಿನ ತೂಕ ನೀವು ಟಯರಲ್ಲಿ ಉಳಿಸಿದ ಗ್ರಾಮನ್ನೆಲ್ಲ ನುಂಗಿ ಹಾಕ್ತದೆ. ಜೂನಿಂದ ಸೆಪ್ಟೆಂಬರ್ ತನಕ ಓಡಿಸುವವರು ತೂಕಕ್ಕಿಂತ ಮೊದಲು ಗುಬ್ಬಿಗಳ ನಡುವೆ ಎಷ್ಟು ಜಾಗ ಉಂಟು ನೋಡಿ, ಜಾಗ ಇದ್ರೆ ಚಕ್ರ ತಿರುಗುವಾಗ ಮಣ್ಣು ಹಾರಿ ಹೋಗ್ತದೆ, ಇಲ್ಲದಿದ್ರೆ ಎರಡು ತಿರುವು ಆಗುವಷ್ಟರಲ್ಲಿ ಟಯರ್ ಬೋಳು ಟಯರ್ ಆಗಿಬಿಡ್ತದೆ.

ಒಂದು ಅಂದಾಜಿಗೆ ಹೇಳುದಾದ್ರೆ, 90/90-21 ಮುಂದಿನ ಟಯರ್‌ಗಳು ಸಾಧಾರಣ ನಾಲ್ಕರಿಂದ ಐದೂವರೆ ಕಿಲೋ, 18 ಇಂಚಿನ ಹಿಂದಿನವು ಐದರಿಂದ ಏಳು ಕಿಲೋ ಆಸುಪಾಸಲ್ಲಿ ಬರ್ತವೆ. ಮಾಮೂಲಿ ಟ್ಯೂಬ್ ಮುಂದಿನದ್ದು ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ. ಹೆವಿ ಡ್ಯೂಟಿ ಆದ್ರೆ ಮುಂದಿನದ್ದು ಕಿಲೋದ ಹತ್ರ, ಹಿಂದಿನದ್ದು ಒಂದೂವರೆ ಕಿಲೋ ಹತ್ರ. 4 ಮಿಮೀ ದಪ್ಪದ ಅಲ್ಟ್ರಾ ಹೆವಿ ಡ್ಯೂಟಿ ಹಿಂದಿನದ್ದು ಎರಡು ಕಿಲೋ ಮುಟ್ಟುದುಂಟು.

ಈಗ ಲೆಕ್ಕ ಹಾಕುವ, ಉದಾಹರಣೆಗೆ ಮಾತ್ರ. ಒಂದು ಟಿಟಿ ಟಯರ್ 5.3 ಕಿಲೋ, ಇನ್ನೊಂದು ಟಿಎಲ್ ಟಯರ್ 5.8 ಕಿಲೋ ಅಂತ ಇಟ್ಕೊಳ್ಳಿ. ಅಂಗಡಿಯಲ್ಲಿ ಕೈಯಲ್ಲಿ ಎತ್ತಿದ್ರೆ ಮೊದಲನೇದೇ ಲೈಟ್. ಆದ್ರೆ ಅದಕ್ಕೆ 1.5 ಕಿಲೋ ಹೆವಿ ಟ್ಯೂಬ್, 50 ಗ್ರಾಂ ಪಟ್ಟಿ, 200 ಗ್ರಾಂ ರಿಮ್ ಲಾಕ್ ಸೇರಿಸಿ, 7.05 ಆಯ್ತು. ಎರಡನೇದಕ್ಕೆ ಸೀಲಿಂಗ್ ಟೇಪ್, ಸೀಲೆಂಟ್, ವಾಲ್ ಎಲ್ಲ ಸೇರಿ 150 ಗ್ರಾಂ, 5.95 ಆಯ್ತು. ಭಾರದ ಟಯರೇ ಒಂದು ಕಿಲೋಗಿಂತ ಜಾಸ್ತಿ ಲೈಟಾಗಿ ಬಂತು. ಆದ್ರೆ ಮೊದಲನೇದಕ್ಕೇ 800 ಗ್ರಾಮಿನ ಮಾಮೂಲಿ ಟ್ಯೂಬ್ ಹಾಕಿ, ರಿಮ್ ಲಾಕ್ ಬಿಟ್ರೆ 6.15, ವ್ಯತ್ಯಾಸ ಬರೀ 200 ಗ್ರಾಂ. ಅಷ್ಟಕ್ಕೆ ಇಡೀ ರಿಮ್ ಸೀಲ್ ಮಾಡುವ ಮಂಡೆಬಿಸಿ ಯಾಕೆ ಅಂತ ಕೇಳಿದ್ರೆ, ತೂಕಕ್ಕೆ ಅಂತ ಬೇಡ ಅಂತಲೇ ನಾನು ಹೇಳುದು. ಪಂಕ್ಚರ್ ಆದಾಗ ಚಕ್ರ ಬಿಚ್ಚದೆ ಐದು ನಿಮಿಷದಲ್ಲಿ ಹೊರಡ್ಲಿಕ್ಕೆ ಆಗ್ತದಲ್ಲ, ಟ್ಯೂಬ್‌ಲೆಸ್ ಮಾಡುದಾದ್ರೆ ಅದಕ್ಕೆ ಮಾಡಿ.

ಆ ಒಂದು ಕಿಲೋ ಯಾಕೆ ಅಷ್ಟು ಮುಖ್ಯ ಅಂದ್ರೆ, ಟಯರಿನ ತೂಕ ಹೆಚ್ಚು ಇರುದು ಚಕ್ರದ ಹೊರ ಅಂಚಲ್ಲಿ. ಇಂಜಿನ್ ಅದನ್ನು ಮುಂದೆ ತಳ್ಳುದು ಮಾತ್ರ ಅಲ್ಲ, ತಿರುಗಿಸ್ಲೂಬೇಕು. ಅಂಚಲ್ಲಿರುವ ಒಂದು ಕಿಲೋ, ವೇಗ ಏರಿಸುವಾಗ ಮತ್ತೆ ಬ್ರೇಕ್ ಹಾಕುವಾಗ, ಟ್ಯಾಂಕಿನ ಮೇಲೆ ಇಟ್ಟ ಹತ್ರ ಹತ್ರ ಎರಡು ಕಿಲೋಗೆ ಸಮ. 18 ಹಾರ್ಸ್‌ಪವರ್ ಆಸುಪಾಸಿನ ಬೈಕಲ್ಲಿ ಇದು ಗೊತ್ತಾಗ್ತದೆ. ಜೊತೆಗೆ ಸಸ್ಪೆನ್ಷನ್ನಿನ ಕೆಳಗಿನ ತೂಕ ಕಮ್ಮಿ ಆದಷ್ಟು ಚಕ್ರ ಕಲ್ಲಿಂದ ಕಲ್ಲಿಗೆ ನೆಲ ಬಿಡದೆ ಹೋಗ್ತದೆ. ಬ್ಯಾಗಲ್ಲಿ ಒಂದು ಸ್ಪೇರ್ ಟ್ಯೂಬ್ ಇಟ್ರೆ ಅದು ತಿರುಗುದಿಲ್ಲ, ಅದರ ತೂಕ ಒಂದೇ ಸಲ ಲೆಕ್ಕಕ್ಕೆ. ಆದ್ರೂ ಮುಂದಿನ ಟಯರ್ ತೀರಾ ಲೈಟ್ ಬೇಡ, ಮುರಕಲ್ಲಿನ ಅಂಚು ಚೂರಿಯ ಹಾಗೆ ಇರ್ತದೆ, ಸೈಡ್ ವಾಲ್ ಸ್ವಲ್ಪ ದಪ್ಪ ಇದ್ದಷ್ಟು ಒಳ್ಳೇದು.

ಮೂರನೇದು: ಯಾವ ದಾರಿ ನಿಮ್ಮದು

ಹೆವಿ ಡ್ಯೂಟಿ ಟ್ಯೂಬ್ ಹಳೇ ದಾರಿ, ಭಾರ, ಆದ್ರೆ ಯಾವ ಊರಿನ ಪಂಕ್ಚರ್ ಅಂಗಡಿಯಲ್ಲೂ ಕೆಲಸ ನಡೀತದೆ. ಗಾಳಿ ತುಂಬಾ ಇಳಿಸಿ ಓಡಿಸಿದ್ರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಪಕ್ಕಪಕ್ಕ ಎರಡು ಸೀಳು ಬೀಳ್ತದೆ, ಹೆವಿ ಟ್ಯೂಬಿಗೆ ಅದು ಕಮ್ಮಿ, ಇಲ್ಲ ಅಂತ ಅಲ್ಲ.

ಮೂಸ್ ಅಂದ್ರೆ ಗಾಳಿಯ ಬದಲು ಒಳಗೆ ಫೋಮಿನ ಬಳೆ. ಮಿಶೆಲಿನ್‌ನವರದ್ದು ಹೆಸರುವಾಸಿ. ಪಂಕ್ಚರ್ ಅಂತಲೇ ಇಲ್ಲ, ಹೊಸದಿರುವಾಗ ಸಾಧಾರಣ 13 ಪಿಎಸ್‌ಐ ಗಾಳಿ ಇದ್ದ ಹಾಗೆ ಇರ್ತದೆ. ನಮ್ಮ ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಪೆರುವಿನಲ್ಲಿ ನಡೆದ ಡಕಾರ್ ರ‍್ಯಾಲಿ ಮುಗಿಸಿ ಬಂದದ್ದು ಗೊತ್ತುಂಟಲ್ಲ, ಆ ಮಟ್ಟದ ರ‍್ಯಾಲಿ ಬೈಕುಗಳು ಓಡುದೇ ಮೂಸಲ್ಲಿ, ಮರುಭೂಮಿ ನಡುವೆ ಪಂಕ್ಚರ್ ಹಾಕ್ತಾ ಕೂರ್ಲಿಕ್ಕೆ ಆಗುದಿಲ್ಲ. ಆದ್ರೆ ಅಲ್ಲಿ ಹಿಂದೆ ಸಪೋರ್ಟ್ ತಂಡ ಉಂಟು, ಬೇಕಾದಾಗ ಬದಲಿಸ್ತಾರೆ. ಮೂಸ್ ಡಾಮರಲ್ಲಿ ಒಂದೇ ವೇಗದಲ್ಲಿ ಹೋದ್ರೆ ಬಿಸಿಯಾಗಿ ಒಳಗೇ ಕರಗ್ಲಿಕ್ಕೆ ಶುರು ಆಗ್ತದೆ, ಜೆಲ್ ಹಚ್ಚಿ ಹಾಕ್ಬೇಕು, ಲೈಟೂ ಅಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗಿ ಬರುವವರಿಗೆ ಅಲ್ಲವೇ ಅಲ್ಲ.

ಟ್ಯೂಬ್ಲಿಸ್ ಅಂತ ಇನ್ನೊಂದು ಉಂಟು. ರಿಮ್ಮಿಗೆ ಅಂಟಿಕೊಂಡು ಒಂದು ಸಣ್ಣ ಹೈ ಪ್ರೆಷರ್ ಟ್ಯೂಬ್, ಅದರಲ್ಲಿ 100ರಿಂದ 110 ಪಿಎಸ್‌ಐ, ಅದು ಬೀಡನ್ನು ಎರಡೂ ಬದಿಗೆ ಒತ್ತಿ ಹಿಡೀತದೆ, ಹೊರಗಿನ ಟಯರಲ್ಲಿ ನೀವು ತೀರಾ ಕಮ್ಮಿ ಗಾಳಿ ಇಟ್ರೂ ಬೀಡ್ ಕಳಚುದಿಲ್ಲ. ಕೆಸರಲ್ಲಿ, ಪಾಚಿ ಹಿಡಿದ ಕಲ್ಲಲ್ಲಿ ಆ ಹಿಡಿತ ಬೇರೆಯೇ. ಹೆವಿ ಟ್ಯೂಬಿಗಿಂತ ತೂಕವೂ ಕಮ್ಮಿ ಬೀಳ್ತದೆ. ಆದ್ರೆ ಮೂರು ವಿಷಯ. ರಿಮ್ಮಲ್ಲಿ ಎರಡು ತೂತು ಬೇಕು, ರಿಮ್ ಲಾಕಿನ ತೂತು ಇಲ್ಲದಿದ್ರೆ ಡ್ರಿಲ್ ಮಾಡ್ಬೇಕು. 21 ಇಂಚಿನದ್ದು 1.60 ಅಗಲದ ರಿಮ್ಮಿಗೆ ಮಾಡಿದ್ದು, ಅಡ್ವೆಂಚರ್ ಬೈಕಿನ ಅಗಲ ರಿಮ್ಮಿಗೆ ಕೂರುದಿಲ್ಲ, ಆರ್ಡರ್ ಮಾಡುವ ಮೊದಲು ರಿಮ್ಮಲ್ಲಿ ಬರೆದ ಅಗಲ ಓದಿ. ಮೂರನೇದು, ಮಾಡಿದವರೇ ಇದು ರೋಡಿಗಲ್ಲ ಅಂತ ಹೇಳಿದ್ದಾರೆ, ಒಳಗಿನ ಹೈ ಪ್ರೆಷರ್ ಟ್ಯೂಬ್ ಹೋದ್ರೆ ಬೀಡ್ ಹಿಡಿಯುವವರು ಯಾರೂ ಇಲ್ಲ. ಪ್ರತೀ ಸಲ ಹೊರಡುವ ಮೊದಲು ಆ 100 ಪಿಎಸ್‌ಐ ಚೆಕ್ ಮಾಡ್ಲಿಕ್ಕೆ ಹೈ ಪ್ರೆಷರ್ ಸೈಕಲ್ ಪಂಪೂ ಬೇಕು.

ದುಡ್ಡು ಇದ್ರೆ ಎಲ್ಲಕ್ಕಿಂತ ನೆಮ್ಮದಿಯದ್ದು ಕಂಪನಿಯ ಟ್ಯೂಬ್‌ಲೆಸ್ ಸ್ಪೋಕ್ ವೀಲ್. ಹಿಮಾಲಯನ್ 450ಕ್ಕೆ 2024ರಿಂದ ಸಿಗ್ತಾ ಉಂಟು, ನಿಮ್ಮ ಬೈಕಿಗೆ ಇದ್ರೆ ಮುಂದೆ ಓದುವ ಅಗತ್ಯವೂ ಇಲ್ಲ.

ಉಳಿದದ್ದು ಮನೆಯಲ್ಲೇ ರಿಮ್ ಸೀಲ್ ಮಾಡುದು. "ಇದಕ್ಕೆ ಆಗುದಿಲ್ಲ ಅಣ್ಣ, ಸ್ಪೋಕಲ್ಲೇ ಗಾಳಿ ಹೋಗ್ತದೆ" ಅಂತ ಟಯರ್ ಅಂಗಡಿಯವರು ಹೇಳುದು ಸರಿಯೇ, ಸೀಲ್ ಮಾಡದಿದ್ರೆ ಹೋಗ್ತದೆ. ನನ್ನ ಸಲಹೆ ಏನಂದ್ರೆ ಹಿಂದಿನ ಚಕ್ರ ಮಾತ್ರ ಮಾಡಿ, ಅದೂ ರಿಮ್ಮಲ್ಲಿ ದಿಣ್ಣೆ ಇದ್ರೆ. ಮುಂದಿನದ್ದರಲ್ಲಿ ಟ್ಯೂಬೇ ಇರ್ಲಿ. 21 ಇಂಚಿನ ರಿಮ್ಮಲ್ಲಿ ಹೆಚ್ಚಾಗಿ ದಿಣ್ಣೆ ಇರುದಿಲ್ಲ, ಮತ್ತೆ ಹಿಂದಿನ ಟಯರ್ ಕಳಚಿದ್ರೆ ಬೈಕ್ ಅಲ್ಲಾಡ್ತದೆ ಅಷ್ಟೆ, ಚಾರ್ಮಾಡಿ ಇಳಿಯುವಾಗ ಮುಂದಿನದ್ದು ಕಳಚಿದ್ರೆ ಹಿಡ್ಕೊಳ್ಲಿಕ್ಕೆ ಆಗುದಿಲ್ಲ.

ನಾಲ್ಕನೇದು: ಹಿಂದಿನ ರಿಮ್ ಸೀಲ್ ಮಾಡುದು

ಮೊದಲು ಸ್ಪೋಕ್ ಬಿಗಿ ಮಾಡಿಸಿ, ಚಕ್ರದ ಔಟ್ (ಓರೆ ಓಲಾಟ) ತೆಗೆಸಿ. ಇದು ಮೊದಲೇ ಆಗ್ಬೇಕು, ಸೀಲ್ ಮಾಡಿದ ಮೇಲೆ ನಿಪ್ಪಲ್ (ಸ್ಪೋಕನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್) ತಿರುಗಿಸಿದ್ರೆ ಸೀಲ್ ಒಡೀತದೆ. ಮಲ್ಪೆ, ಸುರತ್ಕಲ್ ಕಡೆ ಸಮುದ್ರದ ಹತ್ರ ಇರುವವರ ಬೈಕಲ್ಲಿ ಉಪ್ಪುಗಾಳಿಗೆ ನಿಪ್ಪಲ್ ತುಕ್ಕು ಹಿಡಿದು ಸ್ಪೋಕಿಗೆ ಕಚ್ಚಿರ್ತದೆ, ಅಂಥದ್ದನ್ನು ಬದಲಿಸಿಯೇ ಮುಂದೆ ಹೋಗಿ.

ರಬ್ಬರ್ ಪಟ್ಟಿ ತೆಗೆದು, ಒಳಗೆ ವಯರ್ ಬ್ರಶ್ಶಲ್ಲಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಲ್ಲಿ ಒರೆಸಿ. ಬಟ್ಟೆಯಲ್ಲಿ ಕಪ್ಪು ಬರುದು ನಿಲ್ಲುವ ತನಕ ಒರೆಸ್ಬೇಕು. ಆಮೇಲೆ ಒಣಗಿಸುದು, ಮಳೆಗಾಲದಲ್ಲಿ ಇದೇ ದೊಡ್ಡ ಕೆಲಸ, ನಿಪ್ಪಲಿನ ಥ್ರೆಡ್ಡಿನೊಳಗೆ ನೀರು ನಿಂತಿರ್ತದೆ, ಹೇರ್ ಡ್ರೈಯರ್ ಇದ್ರೆ ಒಂದೊಂದಕ್ಕೂ ಬಿಸಿಗಾಳಿ ಕೊಡಿ.

ಈಗ ಪ್ರತೀ ನಿಪ್ಪಲಿನ ಮಂಡೆಗೆ ಸೀಲೆಂಟ್. ನ್ಯೂಟ್ರಲ್ ಕ್ಯೂರ್ ಸಿಲಿಕಾನ್ ಅಂತ ಕೇಳಿ ತಗೊಳ್ಳಿ, ವಿನೆಗರ್ ವಾಸನೆ ಬರುವಂಥದ್ದು ಬೇಡ, ಅದರಿಂದ ಹೊರಡುವ ಆಮ್ಲ ಲೋಹವನ್ನು ತಿನ್ತದೆ. ಸ್ಪೋಕಿನ ತುದಿ, ನಿಪ್ಪಲ್, ನಿಪ್ಪಲ್ ಕೂರುವ ತೂತಿನ ಸುತ್ತ, ಮೂರೂ ಮುಚ್ಚುವ ಹಾಗೆ ಸಣ್ಣ ಉಂಡೆ ಹಾಕಿ ಬೆರಳಲ್ಲಿ ಒತ್ತಿ, ಇಲ್ಲದಿದ್ರೆ ಅಡಿಯಲ್ಲಿ ಗಾಳಿಗುಳ್ಳೆ ಉಳೀತದೆ. ಈ ಸಿಲಿಕಾನ್ ಗಟ್ಟಿಯಾಗುದೇ ಗಾಳಿಯಲ್ಲಿರುವ ತೇವದಿಂದ, ಹಾಗಾಗಿ ನಮ್ಮ ಊರಿನ ಹವೆ ಇದಕ್ಕೆ ಒಳ್ಳೇದೇ, ಆದ್ರೂ ಒಂದು ಇಡೀ ದಿನ ಮುಟ್ಬೇಡಿ.

ಅದರ ಮೇಲೆ ರಿಮ್ಮಿನ ನಡು ಗುಂಡಿಗೆ ಸೀಲಿಂಗ್ ಟೇಪ್. 3ಎಂ 4411ಎನ್ ಅಂತ 1 ಮಿಮೀ ದಪ್ಪದ್ದು ಇದಕ್ಕೆ ತುಂಬಾ ಜನ ಬಳಸ್ತಾರೆ. ಎಳೆದು ಬಿಗಿಯಾಗಿ ಸುತ್ತಿ, ಕೊನೆಗೆ ಒಂದು ಕೈ ಅಗಲ ಒಂದರ ಮೇಲೊಂದು ಬರ್ಲಿ, ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಕೂರಿಸಿ. ಬೀಡ್ ಕೂರುವ ಜಾಗಕ್ಕೆ ಟೇಪ್ ಹತ್ತಬಾರ್ದು.

ವಾಲಲ್ಲಿ ಎಡವುವವರು ಜಾಸ್ತಿ. ಸ್ಕೂಟರಿಗೆ ಎಳೆದು ಕೂರಿಸುವ ರಬ್ಬರ್ ವಾಲ್ 11.3 ಮಿಮೀ ತೂತಿಗೆ ಮಾಡಿದ್ದು, ಟ್ಯೂಬ್ ರಿಮ್ಮಿನ ತೂತು 8 ಮಿಮೀ ಹತ್ರ ಇರ್ತದೆ. ತೂತು ದೊಡ್ಡದು ಮಾಡ್ಲಿಕ್ಕೆ ಹೋಗ್ಬೇಡಿ, ನಟ್ ಹಾಕಿ ಬಿಗಿಯುವ 8.3 ಮಿಮೀ ಲೋಹದ ವಾಲ್ ಸಿಗ್ತದೆ, ಅದೇ ಹಾಕಿ. ನಾಳೆ ಟ್ಯೂಬ್ ಹಾಕ್ಲಿಕ್ಕೂ ಅದೇ ತೂತು ಬೇಕಲ್ಲ.

ಟಯರ್ ಹಾಕುವಾಗ ಲಿವರ್ ತುದಿ ಟೇಪಿಗೆ ತಾಗದ ಹಾಗೆ ನೋಡಿ. ಬೀಡಿಗೆ ಸೋಪಿನ ನೀರು ಹಚ್ಚಿ, ವಾಲಿನ ಪಿನ್ ತೆಗೆದು ಕಂಪ್ರೆಸರಲ್ಲಿ ಒಮ್ಮೆಲೇ ಗಾಳಿ ಬಿಡಿ, ಟಕ್ ಟಕ್ ಅಂತ ಎರಡು ಸಲ ಕೇಳ್ತದೆ, 40 ಪಿಎಸ್‌ಐ ದಾಟಬಾರ್ದು. ರಿಮ್ಮಿನ ಅಂಚಿಂದ ಟಯರಿನ ಗೆರೆ ಸುತ್ತಲೂ ಒಂದೇ ದೂರದಲ್ಲಿ ಉಂಟಾ ನೋಡಿ.

ಇನ್ನು ಸೋರುತ್ತದಾ ಅಂತ ನೋಡುದು. ಬಾಲ್ದಿಯಲ್ಲಿ ಸೋಪಿನ ನೀರು ಮಾಡಿ ಬ್ರಶ್ಶಲ್ಲಿ ಒಂದೊಂದೇ ನಿಪ್ಪಲಿಗೆ ಹಚ್ಚಿ ಸುಮ್ಮನೆ ಕಾಯಿರಿ. ದೊಡ್ಡ ಸೋರಿಕೆ ತಕ್ಷಣ ನೊರೆ ಕಟ್ತದೆ. ಸಣ್ಣದ್ದು ಹಾಗಲ್ಲ, ನಿಪ್ಪಲಿನ ಒಂದು ಮೂಲೆಯಲ್ಲಿ ಸಾಸಿವೆಯಷ್ಟು ಒಂದು ಗುಳ್ಳೆ ಬರ್ತದೆ, ಒಂದು ನಿಮಿಷ ಬಿಟ್ಟು ನೋಡಿದ್ರೆ ಪಕ್ಕದಲ್ಲಿ ಇನ್ನೊಂದು. ಗುರುತು ಮಾಡಿ ಇಡಿ. ಆದ್ರೆ ಒಂದು ವಿಷಯ ಗೊತ್ತಿರ್ಲಿ, ಟೇಪಿನ ಅಡಿಯಲ್ಲಿ ಗಾಳಿ ಓಡಾಡ್ತದೆ, ಗುಳ್ಳೆ ಬಂದ ನಿಪ್ಪಲೇ ಕಳ್ಳ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಟೇಪ್ ತೆಗೆದು ಸುತ್ತಮುತ್ತಲಿನ ನಾಲ್ಕೈದನ್ನಾದ್ರೂ ಪುನಃ ಮಾಡ್ಬೇಕು. ಸೋರದಿದ್ರೆ ಪ್ರೆಷರ್ ಬರೆದಿಟ್ಟು ಎರಡು ರಾತ್ರಿ ಹಾಗೇ ಬಿಡಿ, ಒಂದು ಪಿಎಸ್‌ಐ ಇಳಿದ್ರೆ ತೊಂದ್ರೆ ಇಲ್ಲ, ಐದು ಇಳಿದ್ರೆ ಆ ಚಕ್ರ ರೋಡಿಗೆ ಬರಬಾರ್ದು.

ಐದನೇದು: ಗಾಳಿ, ಮತ್ತೆ ಬ್ಯಾಗಲ್ಲಿ ಇರ್ಬೇಕಾದ್ದು

ರೋಡಲ್ಲಿ ಕಂಪನಿ ಹೇಳಿದಷ್ಟೇ ಗಾಳಿ. ಮಣ್ಣಲ್ಲಿ ಇಳಿಸುದಾದ್ರೆ, ಸೀಲ್ ಮಾಡಿದ ಹಿಂದಿನ ಚಕ್ರದಲ್ಲಿ ದಿಣ್ಣೆ ಇದ್ರೂ ನಾನು 18 ಪಿಎಸ್‌ಐಗಿಂತ ಕೆಳಗೆ ಹೋಗ್ಬೇಡಿ ಅಂತ ಹೇಳುದು. ಮುಂದಿನ ಟ್ಯೂಬ್ ಚಕ್ರದಲ್ಲಿ ರಿಮ್ ಲಾಕ್ ಇಲ್ಲದಿದ್ರೆ 15ಕ್ಕಿಂತ ಕೆಳಗೆ ಬೇಡ, ಬ್ರೇಕ್ ಹಿಡಿದಾಗ ಟಯರ್ ರಿಮ್ಮಲ್ಲಿ ಜಾರಿ ವಾಲ್ ಬುಡದಲ್ಲೇ ಹರೀತದೆ. ಇದಕ್ಕೆ ಒಂದು ಸುಲಭದ ಉಪಾಯ, ಟ್ಯೂಬಿನ ವಾಲಿನ ನಟ್ಟನ್ನು ರಿಮ್ಮಿಗೆ ಬಿಗಿ ಮಾಡ್ಬೇಡಿ, ಮೇಲೆ ತಂದು ಕ್ಯಾಪಿಗೆ ತಾಗಿಸಿ ಬಿಡಿ. ಟಯರ್ ಜಾರಿದ್ರೆ ವಾಲ್ ಓರೆಯಾಗಿ ನಿಲ್ತದೆ, ಕಣ್ಣಿಗೆ ಕಾಣ್ತದೆ, ಗಾಳಿ ಬಿಟ್ಟು ಟಯರನ್ನು ಹಿಂದೆ ತಿರುಗಿಸಿ ಸರಿ ಮಾಡ್ಬಹುದು.

ಪೆಟ್ರೋಲ್ ಬಂಕಿನ ಮೀಟರ್ ಕಮ್ಮಿ ಪ್ರೆಷರಿಗೆ ನಂಬ್ಲಿಕ್ಕಿಲ್ಲ, 0ಯಿಂದ 30 ಪಿಎಸ್‌ಐ ತೋರಿಸುವ ಸಣ್ಣ ಗೇಜ್ ಒಂದು ತಗೊಳ್ಳಿ, ಬೆಳಿಗ್ಗೆ ಟಯರ್ ತಣ್ಣಗಿರುವಾಗಲೇ ನೋಡಿ. ಟಯರಿನ ಬಿಸಿ 10 ಡಿಗ್ರಿ ಏರಿದ್ರೆ 15 ಪಿಎಸ್‌ಐ ಇದ್ದದ್ದು ಸಾಧಾರಣ ಒಂದು ಏರ್ತದೆ, ಬಿಸಿಲಲ್ಲಿ ನಿಲ್ಲಿಸಿದ ಬೈಕಲ್ಲಿ ಸೆಟ್ ಮಾಡಿದ್ರೆ ತೋಡು ದಾಟಿದ ಮೇಲೆ ಲೆಕ್ಕ ತಪ್ಪಿರ್ತದೆ.

ಬ್ಯಾಗಲ್ಲಿ ಪ್ಲಗ್ ಕಿಟ್ (ಟ್ಯೂಬ್‌ಲೆಸ್ ಟಯರಿನ ತೂತಿಗೆ ರಬ್ಬರ್ ತುರುಕಿ ಮುಚ್ಚುವಂಥದ್ದು), ಸಣ್ಣ ಪಂಪ್, ಮೂರು ಲಿವರ್, ಆಕ್ಸಲ್ ಬಿಚ್ಚುವ ಪಾನಾ, ಒಂದು 21 ಇಂಚಿನ ಟ್ಯೂಬ್. ಹಿಂದಿನದ್ದು 18 ಇದ್ರೂ 21ರ ಟ್ಯೂಬೇ ಯಾಕೆ ಅಂದ್ರೆ, ಕಷ್ಟಕಾಲದಲ್ಲಿ ಅದನ್ನು ಹಿಂದಿನ ಟಯರೊಳಗೂ ತುರುಕಿ ನಿಧಾನಕ್ಕೆ ಮನೆ ಮುಟ್ಟಬಹುದು, 18ರದ್ದನ್ನು ಮುಂದೆ ಹಾಕ್ಲಿಕ್ಕೆ ಆಗುದಿಲ್ಲ. ಪ್ಲಗ್ ಹಾಕುದು ಗುಬ್ಬಿಗಳ ನಡುವಿನ ತೆಳು ಜಾಗದಲ್ಲಿ ಮೊಳೆ ಮುಳ್ಳು ಹೊಕ್ಕಿದ್ರೆ ಮಾತ್ರ, ಮುರಕಲ್ಲು ಸೈಡ್ ವಾಲನ್ನು ಸೀಳಿದ್ರೆ ಪ್ಲಗ್ ನಿಲ್ಲುದಿಲ್ಲ, ಒಳಗೆ ಹಳೇ ಟ್ಯೂಬಿನ ತುಂಡು ಅಡ್ಡ ಇಟ್ಟು ಟ್ಯೂಬ್ ಹಾಕಿ ಬನ್ನಿ. ಒಳಗೆ ದ್ರವದ ಸೀಲೆಂಟ್ ಹಾಕ್ಲಿಕ್ಕೆ ಕೆಲವರು ಹೇಳ್ತಾರೆ, ನನಗೆ ಅದು ಬೇಡ ಅನ್ನಿಸುದು, ದಾರಿಯಲ್ಲಿ ಟಯರ್ ಬಿಚ್ಚುವ ಹೊತ್ತಿಗೆ ಎಲ್ಲ ಅಂಟಂಟು, ಪ್ಯಾಚ್ ಹಿಡಿಯುದಿಲ್ಲ.

ಹೊಯ್ಗೆಯಲ್ಲಿ, ಉಪ್ಪುನೀರಲ್ಲಿ ಹೋಗಿ ಬಂದ್ರೆ ಅದೇ ದಿನ ಸಿಹಿನೀರಲ್ಲಿ ಚಕ್ರ ತೊಳೀರಿ, ಆದ್ರೆ ಪ್ರೆಷರ್ ವಾಷಿನ ಪೈಪನ್ನು ನಿಪ್ಪಲಿಗೆ ನೇರ ಹಿಡಿಯುದು ಬೇಡ. ಮೊದಲ ನಾಲ್ಕೈದು ರೈಡ್ ಆದ ಮೇಲೆ ಒಂದು ಸ್ಪ್ಯಾನರಲ್ಲಿ ಸ್ಪೋಕುಗಳನ್ನು ಒಂದೊಂದಾಗಿ ತಟ್ಟಿ ನೋಡಿ, ಎಲ್ಲವೂ ಹೆಚ್ಚುಕಮ್ಮಿ ಒಂದೇ ಸದ್ದು ಕೊಡ್ಬೇಕು. ಯಾವುದಾದ್ರೂ ಒಂದು ಡಬ್ ಅಂತ ಸತ್ತ ಸದ್ದು ಮಾಡಿದ್ರೆ ಅದು ಸಡಿಲ ಆಗಿದೆ ಅಂತ ಅರ್ಥ, ಬಿಗಿ ಮಾಡಿ, ಆ ನಿಪ್ಪಲಿಗೆ ಮತ್ತೆ ಸೋಪಿನ ನೀರು ಹಚ್ಚಿ ನೋಡಿಯೇ ಬೈಕ್ ಹೊರಗೆ ತೆಗೀರಿ.